ನೀವು ಕೇಳಿದ್ದು: ಗ್ಯೊಂಗ್‌ಜು ಊರಿನ ಚಂದ್ರನ ಕೊಳ

ಪ್ರಶ್ನೆ: ಮಗಳು ಸಿಯೋಲ್‌ನಲ್ಲಿ ಓದ್ತಿದಾಳೆ, ಮೇ ತಿಂಗಳಲ್ಲಿ ನಾವಿಬ್ರೂ ಹೋಗ್ತಿದೀವಿ. ಗ್ಯೊಂಗ್‌ಜು ಅನ್ನೋ ಊರಲ್ಲಿ ರಾತ್ರಿ ಲೈಟ್ ಹಾಕಿರೋ ಅರಮನೆ, ಕೊಳ ಇದೆ, ನೋಡ್ಲೇಬೇಕು ಅಂತ ಹಟ ಹಿಡಿದಿದಾಳೆ. ನಾವು ಮೈಸೂರಿನವ್ರು, ಲೈಟ್ ಹಾಕಿದ ಅರಮನೆ ನೋಡೋಕೆ ಅಷ್ಟು ದೂರ ಹೋಗ್ಬೇಕಾ?
– ಓದುಗರೊಬ್ಬರು, ಮೈಸೂರು

ಮೊದ್ಲೇ ಹೇಳ್ಬಿಡ್ತೀನಿ, ಅರಮನೆ ನೋಡೋಕೆ ಅಂತ ಹೋದ್ರೆ ನಿಮಗೆ ಬೇಜಾರಾಗತ್ತೆ, ಯಾಕಂದ್ರೆ ಅಲ್ಲಿ ಅರಮನೆ ಇಲ್ಲ. ಆ ಜಾಗಕ್ಕೆ ದೊಂಗ್‌ಗುಂಗ್ ಅಂತಾರೆ, ಅಂದ್ರೆ ಪೂರ್ವದ ಅರಮನೆ, ಕೊರಿಯಾದ ಹಳೇ ಸಿಲ್ಲಾ ರಾಜ್ಯದ ಯುವರಾಜ ಇದ್ದ ಜಾಗ. ಈಗ ಉಳಿದಿರೋದು ನೆಲದಲ್ಲಿ ಕಂಬದ ಬುಡದ ಕಲ್ಲುಗಳು, ದಡದಲ್ಲಿ ಮೂರು ಮಂಟಪ, ಆ ಮಂಟಪಗಳೂ 1980ರಲ್ಲಿ ಹೊಸದಾಗಿ ಕಟ್ಟಿದ್ದು. ನಮ್ಮ ಮೈಸೂರಲ್ಲಿ ಹತ್ತತ್ರ ಲಕ್ಷ ಬಲ್ಬು ಅರಮನೆ ಮೈಮೇಲೇ ಕೂತು ಗೆರೆ ಎಳೆಯತ್ತೆ ಅಲ್ವಾ, ಇಲ್ಲಿ ಹಂಗಲ್ಲ, ಲೈಟನ್ನ ಸೂರಿನ ಕೆಳಗೆ, ಮರದ ಬುಡದಲ್ಲಿ, ದಡದ ಕಲ್ಲಿನ ಮೇಲೆ ಬಿಟ್ಟಿದಾರೆ, ಮಂಟಪ ಬರೀ ನೆಪ, ನೋಡ್ಬೇಕಾಗಿರೋದು ನೀರನ್ನ. ಕೊಳದ ಹೆಸರು ವೊಲ್ಜಿ, ಚಂದ್ರನ ಕೊಳ ಅಂತ.

ನನಗೆ ಆಶ್ಚರ್ಯ ಆಗಿದ್ದು ಆ ಕೊಳ ತೋಡಿದ ಬುದ್ಧಿ. ಮುನ್‌ಮು ಅನ್ನೋ ರಾಜ 674ರಲ್ಲಿ ತೋಡಿಸಿದ್ದು, ಪಕ್ಕದ ಎರಡು ರಾಜ್ಯ ಬಿದ್ದಿದ್ವು ನಿಜ, ಆದ್ರೆ ಚೀನಾದ ಟ್ಯಾಂಗ್ ಸೈನ್ಯದ ಜೊತೆ ಯುದ್ಧ ಇನ್ನೂ ನಡೀತಾನೇ ಇತ್ತು, ಅಂಥ ಟೈಮಲ್ಲಿ ಈ ಮನುಷ್ಯ ಕೊಳ ತೋಡ್ಸಿ, ಮಣ್ಣಿನ ಗುಡ್ಡ ಮಾಡ್ಸಿ, ಹೂವು ನೆಡ್ಸಿ, ಅಪರೂಪದ ಹಕ್ಕಿ ಪ್ರಾಣಿ ತಂದು ಸಾಕಿದಾನೆ! ಕೊಳ ಉದ್ದಗಲ ಸುಮಾರು 200 ಮೀಟರ್, 180 ಮೀಟರ್ ಅಷ್ಟೇ, ನಮ್ಮೂರ ಕೆರೆ ಮುಂದೆ ಏನೂ ಅಲ್ಲ. ಆದ್ರೆ ಪಶ್ಚಿಮ, ದಕ್ಷಿಣದ ದಡ ನೆಟ್ಟಗಿದೆ, ಪೂರ್ವ, ಉತ್ತರದ ದಡ ಹಾವಿನ ಹಂಗೆ ಒಳಗೆ ಹೊರಗೆ ಸುತ್ತತ್ತೆ, ಮಧ್ಯೆ ಮೂರು ದ್ವೀಪ ಬೇರೆ, ಅದಕ್ಕೇ ಎಲ್ಲಿ ನಿಂತ್ರೂ ಪೂರ್ತಿ ಕೊಳ ಒಟ್ಟಿಗೆ ಕಣ್ಣಿಗೆ ಬೀಳಲ್ಲ. ನೀರು ಆ ತಿರುವಿನಾಚೆ ಇನ್ನೂ ಇದೆ, ಇನ್ನೂ ಇದೆ ಅನ್ಸತ್ತೆ. ಅಲ್ಲಿದ್ದ ದೊಡ್ಡ ಸಭಾಂಗಣಕ್ಕೆ ಇಮ್‌ಹೇಜೊನ್, ಅಂದ್ರೆ ಸಮುದ್ರದ ದಂಡೆ ಮೇಲಿನ ಭವನ ಅಂತ ಹೆಸರಿಟ್ಟಿದ್ರು, ಇಷ್ಟು ಚಿಕ್ಕ ಕೊಳ ಇಟ್ಕೊಂಡು!

ಹಗಲಲ್ಲಿ ಈ ಆಟ ಅರ್ಧ ಗೊತ್ತಾಗ್ಬಿಡತ್ತೆ, ಕತ್ತಲಲ್ಲಿ ಮಾತ್ರ ಮೋಸ ಪೂರ್ತಿ ಕೆಲಸ ಮಾಡತ್ತೆ. ನಾನು ಹೋದಾಗ ಗಾಳಿ ನಿಂತಿತ್ತು, ಕೆಂಪು ಕಂಬ, ಸೂರಿನ ಹಸಿರು ಎಲ್ಲ ತಲೆಕೆಳಗಾಗಿ ನೀರಲ್ಲಿ ನಿಂತಿತ್ತು, ಎಲ್ಲಿಂದಲೋ ಒಂದು ಬಾತುಕೋಳಿ ಅಡ್ಡ ಬಂತು ನೋಡಿ, ಮಂಟಪ ಪಟ್ಟಿ ಪಟ್ಟಿಯಾಗಿ ಹರಿದು ಹೋಯ್ತು, ಆಮೇಲೆ ಒಂದೊಂದೇ ಕಂಬ ನಿಧಾನಕ್ಕೆ ವಾಪಸ್ ಬಂದು ಜೋಡ್ಸಿಕೊಳ್ತು. ಪಕ್ಕದಲ್ಲಿ ಫೋಟೋ ತೆಗೀತಿದ್ದವ್ರೆಲ್ಲ ಬಾತುಕೋಳಿಗೆ ಬೈದ್ರು, ನನಗೆ ಮಾತ್ರ ಅದೇ ನೆನಪಲ್ಲಿ ಉಳ್ಕೊಂಡಿದ್ದು. ಮಗಳ ಮಾತು ಕೇಳಿ, ಹೋಗ್ಬನ್ನಿ.

ಪ್ರಶ್ನೆ: ಆ ಕೊಳದ ಕೆಸರಲ್ಲಿ ಕುಡುಕರ ದಾಳ ಸಿಕ್ಕಿತ್ತಂತೆ, ನಿಜಾನಾ ಅಥ್ವಾ ವಾಟ್ಸಾಪ್ ಕಥೆನಾ?
– ಓದುಗರೊಬ್ಬರು, ಹುಬ್ಬಳ್ಳಿ

ನಿಜ ಸ್ವಾಮಿ. 1975ರಲ್ಲಿ ಕೊಳದ ತಳ ಅಗೆದು ಹುಡುಕೋಕೆ ಶುರು ಮಾಡಿದಾಗ ಹೆಂಚು, ಬುದ್ಧನ ವಿಗ್ರಹ, ಮರದ ದೋಣಿ ಅಂತ ಸುಮಾರು 30,000 ವಸ್ತು ಸಿಕ್ವು, ಅದ್ರಲ್ಲಿ ಇದೂ ಒಂದು. ಓಕ್ ಮರದ್ದು, ಅಂಗೈಲಿ ಹಿಡಿಸೋ ಅಷ್ಟು, 14 ಮುಖ: ಆರು ಚೌಕ, ಇನ್ನೆಂಟು ಷಟ್ಕೋನ, ಎಲ್ಲದರ ಅಳತೆ ಹೆಚ್ಚುಕಮ್ಮಿ ಒಂದೇ, ಅಂದ್ರೆ ಯಾವ ಮುಖ ಬೀಳೋಕೂ ಸರಿಸಮ ಚಾನ್ಸು. ಒಂದೊಂದು ಮುಖದಲ್ಲೂ ಒಂದೊಂದು ಶಿಕ್ಷೆ ಕೆತ್ತಿದಾರೆ. ಒಂದೇ ಸಲಕ್ಕೆ ಮೂರು ಬಟ್ಲು ಕುಡಿ, ಹಾಡಿಲ್ದೆ ಕುಣಿ, ಎಲ್ರೂ ಸೇರಿ ಇವನ ಮೂಗಿಗೆ ಹೊಡೀರಿ, ಹಿಂಗೆ. ಅಸಲಿ ದಾಳ ಕೆಡದೇ ಇರ್ಲಿ ಅಂತ ಒಣಗ್ಸೋಕೆ ಇಟ್ರೆ ಮಷೀನ್ ಬಿಸಿ ಜಾಸ್ತಿಯಾಗಿ ಸುಟ್ಟೇ ಹೋಯ್ತು, ಸಾವಿರ ವರ್ಷ ಕೆಸರಲ್ಲಿ ಬದುಕಿದ್ದು! ಈಗ ನೋಡೋಕೆ ಸಿಗೋದು ನಕಲು. ಉಳಿದ ವಸ್ತು ಅಲ್ಲೇ ಹತ್ರದ ನ್ಯಾಷನಲ್ ಮ್ಯೂಸಿಯಂನಲ್ಲಿವೆ, ಕೊಳಕ್ಕೆ ಹೋಗೋ ಮೊದ್ಲು ಮಧ್ಯಾಹ್ನ ಅಲ್ಲಿಗೆ ಹೋಗಿ.

ಕೊಳದ ದಡದ ಆ ಇಮ್‌ಹೇಜೊನ್ ಭವನದಲ್ಲಿ ಬರೀ ನಗೋದೇ ನಡೀತಿರ್ಲಿಲ್ಲ. 931ರಲ್ಲಿ ಸಿಲ್ಲಾದ ಕೊನೇ ರಾಜ ಗ್ಯೊಂಗ್‌ಸುನ್, ಗೊರ್ಯೋ ಅನ್ನೋ ಇನ್ನೊಂದು ರಾಜ್ಯದ ರಾಜ ವಾಂಗ್ ಗೊನ್‌ಗೆ ಅಲ್ಲೇ ಊಟ ಹಾಕ್ಸಿ, ಕುಡಿತ ಏರಿದ ಮೇಲೆ ತನ್ನ ರಾಜ್ಯದ ಗತಿ ಹೇಳ್ಕೊಂಡು ಅತ್ನಂತೆ. ನಾಲ್ಕೇ ವರ್ಷಕ್ಕೆ ರಾಜ್ಯಾನೇ ಅವನ ಕೈಗೆ ಒಪ್ಪಿಸ್ದ.

ಪ್ರಶ್ನೆ: ಎಷ್ಟೊತ್ತಿಗೆ ಹೋಗ್ಬೇಕು? ಅಮ್ಮನಿಗೆ ಮಂಡಿ ನೋವು, ಮೇಲಾಗಿ ಶುದ್ಧ ಸಸ್ಯಾಹಾರಿ.
– ಓದುಗರೊಬ್ಬರು, ಶಿವಮೊಗ್ಗ

ಸೂರ್ಯ ಮುಳುಗೋಕೆ ಅರ್ಧ ಗಂಟೆ ಮೊದ್ಲು ಒಳಗಿರಿ, ಆಕಾಶ ಇನ್ನೂ ನೀಲಿ ಇರೋವಾಗ ಲೈಟ್ ಹತ್ಕೊಳ್ಳೋ ಆ ಹತ್ತು ನಿಮಿಷ ಮಿಸ್ ಮಾಡ್ಬೇಡಿ. ರಾತ್ರಿ 10ಕ್ಕೆ ಮುಚ್ತಾರೆ, ಟಿಕೆಟ್ 9:30ರ ತನಕ, ದೊಡ್ಡವ್ರಿಗೆ 3,000 ವೊನ್. ವೀಕೆಂಡ್ ಬೇಡ, ಕ್ಯೂ. ದಾರಿ ಬಹುತೇಕ ಸಮತಟ್ಟು, ಅಮ್ಮ ನಿಧಾನಕ್ಕೆ ಒಂದು ಸುತ್ತು ಬರ್ಬಹುದು. ಸಿಯೋಲಿಂದ ಕೆಟಿಎಕ್ಸ್ ಅನ್ನೋ ಸ್ಪೀಡ್ ರೈಲಲ್ಲಿ ಸುಮಾರು ಎರಡು ಗಂಟೆ, ಆದ್ರೆ ಸ್ಟೇಷನ್ ಊರಿಂದ ದೂರ, ಬಸ್ಸೋ ಟ್ಯಾಕ್ಸಿಯೋ ಬೇಕೇ ಬೇಕು. ಟ್ಯಾಕ್ಸಿಯವ್ರಿಗೆ ವೊಲ್ಜಿ ಅಂದ್ರೆ ಅರ್ಥ ಆಗ್ಲಿಲ್ಲ ಅಂದ್ರೆ ಅನಾಪ್‌ಜಿ ಅನ್ನಿ, ಹೆಬ್ಬಾತು, ಬಾತುಕೋಳಿಗಳ ಕೊಳ ಅಂತ, 2011ರ ತನಕ ಅದೇ ಹೆಸರು.

ಊಟಕ್ಕೆ ಬಿಬಿಂಬಾಪ್, ಅಂದ್ರೆ ತರಕಾರಿ ಕಲಸಿದ ಅನ್ನ ಕೇಳಿ, ಮಾಂಸ ಮೊಟ್ಟೆ ಬೇಡ ಅಂತ ಫೋನಲ್ಲಿ ಕೊರಿಯನ್‌ನಲ್ಲಿ ಬರ್ದಿಟ್ಕೊಂಡು ತೋರ್ಸಿ. ಆ ಊರಿನ ಹ್ವಾಂಗ್‌ನಾಮ್ ಬ್ರೆಡ್ ಅಂತ 1939ರಿಂದ ಮಾಡೋ ತಿಂಡಿ ಇದೆ, ಒಳಗೆ ಕೆಂಪು ಕಾಳಿನ ಹೂರಣ, ತಿಂದ್ರೆ ಒಬ್ಬಟ್ಟಿನ ನೆಂಟ ಅನ್ಸತ್ತೆ. ಹಿಟ್ಟಿಗೆ ಮೊಟ್ಟೆ ಹಾಕ್ತಾರೆ ಮತ್ತೆ, ಅಮ್ಮನಿಗೆ ಮೊದ್ಲೇ ಹೇಳಿ.