ರೂಟ್ ಕೆನಾಲ್: ಕೈ ಫೈಲು ಹಳೆಯ ಪದ್ಧತಿಯೇ?

ಪ್ರಶ್ನೆ: ನನ್ನ ದವಡೆ ಹಲ್ಲಿನ ರೂಟ್ ಕೆನಾಲ್ ಮಾಡುವಾಗ ವೈದ್ಯರು ಯಂತ್ರವನ್ನು ಬದಿಗಿಟ್ಟು, ತೆಳುವಾದ ಉಪಕರಣವನ್ನು ಬೆರಳಿನಿಂದ ಬಹಳ ಹೊತ್ತು ತಿರುಗಿಸಿದರು. ಇದು ಹಳೆಯ ಪದ್ಧತಿಯಲ್ಲವೇ?

ಉತ್ತರ: ಖಂಡಿತ ಅಲ್ಲ. ಯಂತ್ರ ಬಳಸುವ ವೈದ್ಯರೂ ಸಾಮಾನ್ಯವಾಗಿ ಮೊದಲು 10ನೇ ಸಂಖ್ಯೆಯ ಕೆ-ಫೈಲನ್ನು (ನಾಳದ ಗೋಡೆಯನ್ನು ಕೊರೆಯುವ ತೆಳುವಾದ ಲೋಹದ ಉಪಕರಣ) ಕೈಯಿಂದಲೇ ಇಳಿಸಿ ದಾರಿ ಮಾಡಿಕೊಳ್ಳುತ್ತಾರೆ. ಅದರ ತುದಿಯ ದಪ್ಪ ಕೇವಲ 0.10 ಮಿಲಿಮೀಟರ್, ಹಲ್ಲಿನ ಬೇರಿನೊಳಗಿನ ಕಿರಿದಾದ, ಬಾಗಿದ ನಾಳದಲ್ಲಿ ಎಲ್ಲಿ ತಡೆಯಿದೆ ಎಂಬುದು ಬೆರಳಿಗೆ ನೇರವಾಗಿ ತಿಳಿಯುತ್ತದೆ. ಗಡಿಯಾರಕ್ಕೆ ಕೀ ಕೊಡುವಂತೆ ಅತ್ತಿತ್ತ ಸ್ವಲ್ಪವೇ ತಿರುಗಿಸುತ್ತ ಇಳಿಸುವುದು ಮೊದಲ ಹಂತದ ಕ್ರಮ. ನಾಳವನ್ನು ಅಗಲಿಸಲು ನಾನು ಹೆಚ್ಚು ಮೆಚ್ಚುವುದು 1985ರಲ್ಲಿ ದಂತವೈದ್ಯ ರೋನ್ ಮತ್ತು ಸಂಗಡಿಗರು ವಿವರಿಸಿದ ಸಮತೋಲಿತ ಬಲದ ವಿಧಾನವನ್ನು. ಇದರಲ್ಲಿ ಫೈಲನ್ನು ಬಲಕ್ಕೆ ಕಾಲು ಸುತ್ತು ಮೀರದಂತೆ ತಿರುಗಿಸಿ, ಹಲ್ಲಿನ ಒಳಗಿನ ಗಟ್ಟಿ ಪದರವಾದ ಡೆಂಟಿನ್‌ಗೆ ಕಚ್ಚಿಸಿ, ಬಳಿಕ ಕೆಳಕ್ಕೆ ಹದವಾಗಿ ಒತ್ತಿ ಹಿಡಿದೇ ಎಡಕ್ಕೆ ತಿರುಗಿಸಿ ಕೊರೆಯುವುದರಿಂದ, ನಾಳದ ಸಹಜ ಬಾಗು ಬಹುಮಟ್ಟಿಗೆ ಉಳಿಯುತ್ತದೆ. ಬಲವಂತವಾಗಿ ತಳ್ಳಿದರೆ ಗೋಡೆಯಲ್ಲಿ ಮೆಟ್ಟಿಲು ಮೂಡಬಹುದು, ಫೈಲು ಒಳಗೇ ಮುರಿಯಲೂಬಹುದು. ಪ್ರತಿ ಫೈಲಿನ ನಂತರ ಕ್ರಿಮಿನಾಶಕವಾದ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಿಂದ ತೊಳೆದು, ಚಿಕ್ಕ ಫೈಲನ್ನು ಮತ್ತೊಮ್ಮೆ ಪೂರ್ಣ ಆಳಕ್ಕೆ ಇಳಿಸಬೇಕು. ಇಲ್ಲವಾದರೆ ಕೊರೆದ ಪುಡಿ ತುದಿಯಲ್ಲಿ ಗಟ್ಟಿಯಾಗಿ ಕೂತು ದಾರಿಯನ್ನೇ ಮುಚ್ಚುತ್ತದೆ. ನಿಮ್ಮ ವೈದ್ಯರಿಗೆ ಅಷ್ಟು ಹೊತ್ತು ಹಿಡಿದದ್ದು ಇದಕ್ಕಾಗಿಯೇ ಇರಬೇಕು.