ಚಾಟ್ನಿ ಎರಡು, ಬೆಳೆ ಒಂದು: ದ್ರಾಕ್ಷಿ ಬೆಳೆಗಾರರ ಪ್ರಶ್ನೋತ್ತರ

ಪ್ರಶ್ನೆ: ಮಸಾರಿ ಭೂಮಿಯಲ್ಲಿ ಮೂರು ಎಕರೆ ಥಾಮ್ಸನ್ (ಬೀಜವಿಲ್ಲದ ದ್ರಾಕ್ಷಿ ತಳಿ) ಇದೆ. ಅಕ್ಟೋಬರ್ ಚಾಟ್ನಿ (ಬಳ್ಳಿಯ ಕಡ್ಡಿ ಸವರುವುದು) ಹೊತ್ತಿಗೆ ಸರಿಯಾಗಿ ಮಾಡಿ, ಗೊಬ್ಬರ, ಔಷಧ ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಆದರೂ ಅರ್ಧಕ್ಕಿಂತ ಹೆಚ್ಚು ಕಡ್ಡಿಗಳು ಬರೀ ಎಲೆ ಬಿಟ್ಟವು. ಕೆಲವು ಕಡೆ ಗೊಂಚಲು ಕಾಣಿಸಿಕೊಂಡು ಬಳ್ಳಿ ಹಬ್ಬುವ ಸುರುಳಿ ಎಳೆಯಾಗಿಬಿಟ್ಟಿತು. ನೀರಿನ ಕೊರತೆಯಿಂದ ಬೇಸಿಗೆ ಚಾಟ್ನಿ ಮೇ ಮೂರನೇ ವಾರಕ್ಕೆ ಹೋಗಿತ್ತು. ತಪ್ಪು ಎಲ್ಲಾಯಿತು?
(ಕುಷ್ಟಗಿ ತಾಲ್ಲೂಕು)

ಉತ್ತರ: ಮೇ ಮೂರನೇ ವಾರದಲ್ಲೇ ಆಯಿತು. ಅಕ್ಟೋಬರ್‌ನಲ್ಲಿ ನಾವು ಗೊಂಚಲು ಹುಟ್ಟಿಸುವುದಿಲ್ಲ, ಆಗಲೇ ಕಡ್ಡಿಯ ಕಣ್ಣೊಳಗೆ (ಎಲೆಯ ಬುಡದ ಮೊಗ್ಗಿನೊಳಗೆ) ಹುಟ್ಟಿ ಕೂತದ್ದನ್ನು ಹೊರಗೆ ಕರೆಯುತ್ತೇವೆ, ಅಷ್ಟೆ.

ಚಳಿ ದೇಶಗಳಲ್ಲಿ ದ್ರಾಕ್ಷಿ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ, ವಸಂತದಲ್ಲಿ ಏಳುತ್ತದೆ, ವರ್ಷಕ್ಕೊಂದು ಸಲ ಸವರಿದರೆ ಸಾಕು. ನಮ್ಮಲ್ಲಿ ಅಂಥ ಚಳಿ ಇಲ್ಲ, ಬಳ್ಳಿ ಮಲಗುವುದೂ ಇಲ್ಲ. ಅದಕ್ಕೇ ಎರಡು ಚಾಟ್ನಿ. ಏಪ್ರಿಲ್‌ನದು ಕಡ್ಡಿ ತಯಾರಿಗೆ, ಅಕ್ಟೋಬರ್‌ನದು ಹಣ್ಣಿಗೆ.

ಏಪ್ರಿಲ್ ಚಾಟ್ನಿಯಲ್ಲಿ ಓಲಾಂಡದ (ಚಪ್ಪರದ ಮೇಲೆ ಅಡ್ಡ ಹಬ್ಬಿಸಿದ ಕಾಯಂ ಕೊಂಬೆ) ಮೇಲಿನ ಹಳೆಯ ಕಡ್ಡಿಯನ್ನೆಲ್ಲ ಒಂದೊಂದು ಕಣ್ಣು ಉಳಿಸಿ ಕತ್ತರಿಸುತ್ತೇವೆ. ಹೊಸ ಚಿಗುರು ಬಂದು, ಚಾಟ್ನಿಯಾದ 40ರಿಂದ 60 ದಿನದ ನಡುವೆ ಪ್ರತಿ ಎಲೆಯ ಬುಡದ ಕಣ್ಣಿನಲ್ಲಿ ಒಂದು ತೀರ್ಮಾನ ಆಗುತ್ತದೆ: ಗೊಂಚಲೋ, ಸುರುಳಿ ಎಳೆಯೋ. ಎರಡೂ ಹುಟ್ಟುವುದು ಒಂದೇ ಮೊಳಕೆಯಿಂದ. ಬಿಸಿಲು ಕಣ್ಣಿಗೆ ತಾಗಿ, ಸಾರಜನಕ ಮಿತಿಯಲ್ಲಿದ್ದರೆ ಗೊಂಚಲು. ಮೋಡ, ನೆರಳು, ಯೂರಿಯಾ ಜಾಸ್ತಿಯಾದರೆ ಎಳೆ.

ಈಗ ಲೆಕ್ಕ ಹಾಕಿ. ಏಪ್ರಿಲ್ 5ಕ್ಕೆ ಚಾಟ್ನಿ ಆದರೆ ಆ ದಿನಗಳು ಮೇ ಮಧ್ಯದಿಂದ ಜೂನ್ ಮೊದಲ ವಾರ, ಮೃಗಶಿರಾ ಹುಟ್ಟುವ ಮೊದಲೇ ಕೆಲಸ ಮುಗಿಯುತ್ತದೆ. ಮೇ 20ಕ್ಕೆ ಆದರೆ ಅವೇ ದಿನಗಳು ಆರಿದ್ರಾ, ಪುನರ್ವಸು ಮೋಡದಡಿ ಸಿಗುತ್ತವೆ. ಮಳೆ ಬೀಳದಿದ್ದರೂ ಬಿಸಿಲಿರುವುದಿಲ್ಲ. ನೀರು ಕಡಿಮೆ ಎಂದಾದರೆ ಚಾಟ್ನಿ ಮುಂದೂಡುವ ಬದಲು ಬುಡಕ್ಕೆ ಕಬ್ಬಿನ ರವದಿ ಹೊದಿಸಿ, ಇದ್ದ ನೀರನ್ನು ಹನಿಯಲ್ಲಿ ಕೊಟ್ಟು ಏಪ್ರಿಲ್ ಮೊದಲ ಪಕ್ಷದಲ್ಲೇ ಮುಗಿಸುವುದು ಲೇಸು. 40 ಡಿಗ್ರಿ ಬಿಸಿಲಲ್ಲಿ ಚಿಗುರು ಏಳಲು ತಡವಾದರೆ ಸಂಜೆ ಹೊತ್ತು ಓಲಾಂಡದ ಮೇಲೆ ನೀರು ಸಿಂಪಡಿಸಿ.

ಮುಂದಿನ ಸಲ ಹೀಗೆ ಮಾಡಿ. 10×6 ಅಡಿ ಅಂತರದ ಗಿಡಕ್ಕೆ 30ರಿಂದ 40 ಕಡ್ಡಿ ಸಾಕು, ಉಳಿದ ಚಿಗುರನ್ನು ಐದಾರು ಎಲೆಯಾದಾಗಲೇ ಮುರಿದು ಹಾಕಿ. ಬಿಟ್ಟ ಚಿಗುರು 9-10 ಎಲೆಗೆ ಬಂದಾಗ 7ನೇ ಎಲೆಯ ಮೇಲೆ ಚಿವುಟಿ. ತುದಿಯ ಕಣ್ಣೊಂದೇ ಒಡೆದು ಉಪಕಡ್ಡಿ, ಅಂದರೆ ಸಬ್‌ಕೇನ್ ಆಗಲಿ, ಪಕ್ಕದ ಬಗಲು ಚಿಗುರನ್ನು ತೆಗೆಯಿರಿ. ಆ ಸಬ್‌ಕೇನ್ ಐದು ಎಲೆಯಾದಾಗ ಮತ್ತೆ ಚಿವುಟಿ. ರಸದ ಓಟಕ್ಕೆ ತಡೆ ಬಿದ್ದ ಆ ಗಂಟಿನ ಆಚೀಚೆಯ ಕಣ್ಣುಗಳಲ್ಲೇ ಗೊಂಚಲು ಹೆಚ್ಚು. ಗೊಬ್ಬರದಲ್ಲಿ ಮೊದಲ 40 ದಿನ ಸಾರಜನಕ, 40ರಿಂದ 70ರವರೆಗೆ ರಂಜಕ, ಅಲ್ಲಿಂದ 120ರವರೆಗೆ ಪೊಟ್ಯಾಷ್. 40 ದಿನದ ನಂತರ ಯೂರಿಯಾ ಬೇಡ, ನೀರನ್ನೂ ಸ್ವಲ್ಪ ಬಿಗಿಹಿಡಿಯಿರಿ. ಕಡ್ಡಿ ಬುಡದಿಂದ ಕಂದು ಬಣ್ಣಕ್ಕೆ ತಿರುಗಿ, ಮುರಿದರೆ ಲಟ್ಟನೆ ಸದ್ದು ಬರಬೇಕು.

ಸೆಪ್ಟೆಂಬರ್‌ನಲ್ಲಿ ತೋಟದ ಬೇರೆ ಬೇರೆ ಕಡೆಯಿಂದ ಹತ್ತಿಪ್ಪತ್ತು ಕಡ್ಡಿ ಕೊಯ್ದು ಕಣ್ಣು ಪರೀಕ್ಷೆ ಮಾಡಿಸಿ. ಕಣ್ಣನ್ನು ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿ ಎಷ್ಟನೇ ಕಣ್ಣಿನಲ್ಲಿ ಗೊಂಚಲಿದೆ ಎಂದು ಹೇಳುತ್ತಾರೆ, ಕತ್ತರಿ ಅದರ ಆಚೆ ಇಡಬೇಕು. ಇದನ್ನು ಬಿಟ್ಟು ಗೊಂಚಲು ಬರಿಸುವ ಟಾನಿಕ್ ಎಂದು ಅಕ್ಟೋಬರ್‌ನಲ್ಲಿ ಮಾರುವುದಕ್ಕೆ ದುಡ್ಡು ಸುರಿಯುವುದು ದಂಡ.

ಪ್ರಶ್ನೆ: ಹಣ್ಣಿನ ಚಾಟ್ನಿ ಮಾಡಿ ಪೇಸ್ಟ್ ಹಚ್ಚಿದ ಮೇಲೂ ಕಣ್ಣು ಒಂದೇ ಸಮ ಒಡೆಯುವುದಿಲ್ಲ. ಒಂದು ಗಿಡದಲ್ಲಿ ಹೂ, ಇನ್ನೊಂದರಲ್ಲಿ ಇನ್ನೂ ಮೊಳಕೆ.
(ಕನಕಗಿರಿ)

ಉತ್ತರ: ಚಾಟ್ನಿಗೆ ಮೊದಲು ನೀರು ಕಡಿಮೆ ಮಾಡಿ ಎಲೆ ಉದುರಿಸಿದ್ದೀರಾ? ಹಸಿರು ಎಲೆ ತುಂಬಿದ ಬಳ್ಳಿಯ ಕಣ್ಣು ಉಬ್ಬಿರುವುದಿಲ್ಲ. 10-15 ದಿನ ಮುಂಚೆ ಎಲೆ ತೆಗೆದರೆ ಕಣ್ಣು ಉಬ್ಬುತ್ತದೆ. ಆಮೇಲೆ ಕತ್ತರಿಸಿ 48 ಗಂಟೆಯೊಳಗೆ ಕಣ್ಣು ಒಡೆಸುವ ಪೇಸ್ಟ್, ಅಂದರೆ ಹೈಡ್ರೋಜನ್ ಸಯನಮೈಡ್ ಹಚ್ಚಿ. ಅಕ್ಟೋಬರ್ ಮೊದಲ ಭಾಗದ ಬಿಸಿಗೆ ಲೀಟರ್ ನೀರಿಗೆ 30 ಮಿಲಿ, ಚಳಿ ಬಿದ್ದ ಮೇಲೆ 40 ಮಿಲಿ. ತುದಿಯ ಮೂರ್ನಾಲ್ಕು ಕಣ್ಣಿಗೆ ಮಾತ್ರ ಹಚ್ಚಬೇಕು. ದಪ್ಪ ಕಡ್ಡಿಗೆ ಎರಡು ಸಲ ಅದ್ದಿದ ಅರಿವೆ ಬೇಕು, ಪೆನ್ಸಿಲ್ಲಿಗಿಂತ ಸಣ್ಣ ಕಡ್ಡಿ ಸುಡುತ್ತದೆ. ಕೈಗವಸು ಕಡ್ಡಾಯ. ಹಚ್ಚುವವರು ಆ ದಿನವೂ ಹಿಂದೆ ಮುಂದಿನ ದಿನಗಳಲ್ಲೂ ಸಾರಾಯಿ ಮುಟ್ಟಲೇಬಾರದು, ಈ ಔಷಧ ದೇಹದಲ್ಲಿ ಮದ್ಯ ಕರಗದಂತೆ ಮಾಡಿ ಎದೆ ಬಡಿತ, ಉಸಿರಾಟದ ತೊಂದರೆ ತರುತ್ತದೆ. ಕೂಲಿಯವರಿಗೆ ಇದನ್ನು ಮೊದಲೇ ಹೇಳಿ.

ಸರಿಯಾಗಿ ಒಡೆದರೆ 8-12 ದಿನಕ್ಕೆ ಮೊಳಕೆ, 15ನೇ ದಿನ ಹೊತ್ತಿಗೆ ಗೊಂಚಲು ಕಾಣುತ್ತದೆ, 35-40ಕ್ಕೆ ಹೂ, 80-90ಕ್ಕೆ ಕಾಳಿನಲ್ಲಿ ನೀರು ತುಂಬಿ ಮೆತ್ತಗಾಗುತ್ತದೆ, 120-130ಕ್ಕೆ ಕಟಾವು.

ಪ್ರಶ್ನೆ: ಸ್ವಾತಿ ಮಳೆ ಎರಡು ದಿನ ಜಿಟಿಜಿಟಿ ಹಿಡಿದ ಮೇಲೆ ಎಲೆಯ ಮೇಲೆ ಎಣ್ಣೆ ಬಿದ್ದಂಥ ಚುಕ್ಕೆ, ಕೆಳಗೆ ಬಿಳಿ ಬೂಜು. ಹೂ ಬಿಡುವ ಗೊಂಚಲು ಕಂದಾಗಿ ಉದುರುತ್ತಿದೆ.
(ಯಲಬುರ್ಗಾ)

ಉತ್ತರ: ಇದು ಡೌನಿ ಎಂಬ ಬೂಜು ರೋಗ. ಎಲೆ ಕೆಲವು ಗಂಟೆ ಒದ್ದೆಯಾಗಿ ಉಳಿದರೆ ಸಾಕು, ಬೀಜಕಣ ನೀರಿನಲ್ಲಿ ಈಜಿ ಎಲೆಯ ಕೆಳಗಿನ ರಂಧ್ರಕ್ಕೆ ಇಳಿಯುತ್ತದೆ. ಅದಕ್ಕೇ ಔಷಧ ಎಲೆಯ ಅಡಿಗೆ ತಾಗಬೇಕು. ಮಳೆ ಬಿಟ್ಟ ಕೂಡಲೇ ಡೈಮೆಥೋಮಾರ್ಫ್ 1 ಗ್ರಾಂ ಜತೆ ಮ್ಯಾಂಕೋಜೆಬ್ 2 ಗ್ರಾಂ, ಲೀಟರಿಗೆ. ಗೊಂಚಲಿನ ಸುತ್ತಲಿನ ಒಂದೆರಡು ಎಲೆ ಕಿತ್ತು ಗಾಳಿ ಆಡಿಸಿ. ಶೇ 1ರ ಬೋರ್ಡೋ ದ್ರಾವಣ (100 ಲೀಟರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ) ಚಾಟ್ನಿ ಆದ ಕೂಡಲೇ ಕಾಂಡ, ಓಲಾಂಡಕ್ಕೆ ಹೊಡೆಯಲು ಒಳ್ಳೆಯದು, ಹೂವಿನ ಹೊತ್ತಲ್ಲಿ ಬೇಡ, ಸುಡುತ್ತದೆ. ಉದುರಿದ ಗೊಂಚಲು ಮಾತ್ರ ಮರಳುವುದಿಲ್ಲ.

ಪ್ರಶ್ನೆ: ಜಿಎ (ಕಾಳು ಹಿಗ್ಗಿಸುವ ಜಿಬ್ಬರೆಲಿಕ್ ಆಮ್ಲ) ಕೊಟ್ಟರೂ ಕಾಳು ಉದ್ದವಾಗಲಿಲ್ಲ. ಬೋರ್‌ವೆಲ್ ನೀರು ಬಳಸುತ್ತೇವೆ.
(ಲಿಂಗಸುಗೂರು)

ಉತ್ತರ: ನೀರಿನ ಪಿಎಚ್ ನೋಡಿ. ಕ್ಷಾರದ ನೀರಿನಲ್ಲಿ ಜಿಎ ಕೆಲಸ ಮಾಡುವುದಿಲ್ಲ. ಸಿಟ್ರಿಕ್ ಆಮ್ಲ ಹಾಕಿ 5.5-6ಕ್ಕೆ ಇಳಿಸಿ. ಪುಡಿ ನೇರ ನೀರಿಗೆ ಕರಗದು, ಮೊದಲು ಅಸಿಟೋನ್‌ನಲ್ಲಿ ಕರಗಿಸಿ. 100 ಲೀಟರಿಗೆ 1 ಗ್ರಾಂ ಎಂದರೆ 10 ಪಿಪಿಎಂ (ಹತ್ತು ಲಕ್ಷಕ್ಕೆ ಹತ್ತು ಭಾಗ): ಹೂವಿಗೆ ಮುಂಚೆ ಗೊಂಚಲು ಬಿಡಿಸಲು ಇಷ್ಟು ಸಾಕು. ಕಾಳು 3-4 ಮಿಲಿಮೀಟರ್ ಆದಾಗ 4 ಗ್ರಾಂ, 7-8ಕ್ಕೆ ಮತ್ತೊಮ್ಮೆ. ಗಿಡಕ್ಕೆ ಗೊಂಚಲು ಹೊರೆ ಹೆಚ್ಚಿದ್ದರೆ ಎಷ್ಟು ಅದ್ದಿದರೂ ಕಾಳು ಬೆಳೆಯದು.

ಪ್ರಶ್ನೆ: ಒಣದ್ರಾಕ್ಷಿ ಮಾಡಲು ಯಾವಾಗ ಕೊಯ್ಯಬೇಕು?
(ಸಿಂಧನೂರು)

ಉತ್ತರ: ಬ್ರಿಕ್ಸ್ (ರಸದಲ್ಲಿನ ಸಕ್ಕರೆಯ ಅಳತೆ) 22 ದಾಟಿದ ಮೇಲೆ. ಲೀಟರ್ ನೀರಿಗೆ ಡಿಪ್ಪಿಂಗ್ ಆಯಿಲ್ (ಬೇಗ ಒಣಗಲು ಅದ್ದುವ ಎಣ್ಣೆ) 15 ಮಿಲಿ, ಪೊಟ್ಯಾಶಿಯಂ ಕಾರ್ಬೊನೇಟ್ 25 ಗ್ರಾಂ, ಎರಡರಿಂದ ನಾಲ್ಕು ನಿಮಿಷ ಅದ್ದಿ ನೆರಳಲ್ಲಿ ಹರಡಿ. ಸುಮಾರು ಹದಿನೈದು ದಿನಕ್ಕೆ ನಾಲ್ಕು ಕಿಲೋಗೆ ಒಂದು ಕಿಲೋ ಸಿಗುತ್ತದೆ.

ಪ್ರಶ್ನೆ: ಮನೆ ಅಂಗಳದ ಚಪ್ಪರಕ್ಕೆ ಬಳ್ಳಿ ಹಬ್ಬಿ ಐದು ವರ್ಷ, ಹಣ್ಣಿಲ್ಲ.
(ಬಳ್ಳಾರಿ ನಗರ)

ಉತ್ತರ: ಕತ್ತರಿ ಕಂಡಿಲ್ಲದ ಬಳ್ಳಿ ಎಲೆಯನ್ನೇ ಬೆಳೆಯುತ್ತದೆ. ಮೇಲೆ ಹೇಳಿದ ಹಾಗೆ ಏಪ್ರಿಲ್‌ನಲ್ಲಿ ಗಟ್ಟಿಯಾಗಿ ಕತ್ತರಿಸಿ, ಅಕ್ಟೋಬರ್‌ನಲ್ಲಿ ಹಗುರವಾಗಿ. ಬೆಂಗಳೂರು ಬ್ಲೂ ತಳಿಯಾದರೆ ಬುಡದ ಕಣ್ಣಿನಲ್ಲೇ ಗೊಂಚಲಿರುವುದರಿಂದ 3-4 ಕಣ್ಣು ಬಿಟ್ಟರೂ ಆಗುತ್ತದೆ. ಥಾಮ್ಸನ್ ಆಗಿದ್ದರೆ ಅಷ್ಟು ಗಿಡ್ಡ ಕತ್ತರಿಸಬೇಡಿ, 7-8 ಕಣ್ಣು ಇರಲಿ. ಚಪ್ಪರದ ಮೇಲೆ ಬೇವಿನ ನೆರಳು ಬೀಳುತ್ತಿದ್ದರೆ ಮೊದಲು ಆ ಟೊಂಗೆ ಕಡಿಯಿರಿ.