ಕರಾವಳಿಯ ಹಳೇ ಚಿರೆಕಲ್ಲಿನ ಮನೆಗೆ ಯಾವ ವಾಟರ್‌ಪ್ರೂಫ್ ಪೇಂಟ್ ಒಳ್ಳೆಯದು?

ನೀವು ಬರೆದಿದ್ದು ನನಗೆ ಅರ್ಥವಾದದ್ದು ಹೀಗೆ. ಕುಮಟಾ ಹತ್ತಿರ ಅಜ್ಜ ಕಟ್ಟಿಸಿದ ಮನೆ. ಚಿರೆಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗೋಡೆ, ಹಂಚಿನ ಮಾಡು. ಹತ್ತು ಹದಿನೈದು ವರ್ಷದ ಹಿಂದೆ ಗೋಡೆಗೆ ಸಿಮೆಂಟ್ ಗಿಲಾಯಿ (ಪ್ಲಾಸ್ಟರ್) ಮಾಡಿಸಿದ್ದೀರಿ. ಎರಡು ಮೂರು ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಬಣ್ಣ ಹೊಡೆಸುತ್ತೀರಿ, ಚೌತಿಗೆ ಬಂದು ಬಾಗಿಲು ತೆಗೆದರೆ ಬಣ್ಣ ಎದ್ದಿರುತ್ತದೆ, ಬೂಸ್ಟು ಹಿಡಿದಿರುತ್ತದೆ. ಈ ಏಪ್ರಿಲ್‌ನಲ್ಲಿ ರಜೆ ಹಾಕಿ ಬರುತ್ತಿದ್ದೀರಿ, ಯಾವ ಕಂಪನಿಯ ವಾಟರ್‌ಪ್ರೂಫ್ ಪೇಂಟ್ ತಗೊಳ್ಳಬೇಕು ಅನ್ನುವುದು ಪ್ರಶ್ನೆ.

ಯಾವುದೂ ಬೇಡ. ಈ ಬೇಸಿಗೆಯಲ್ಲಂತೂ ಬೇಡ. ಆ ದುಡ್ಡನ್ನು ಹಂಚಿಗೂ ಗಟಾರಕ್ಕೂ ಹಾಕಿ.

ನಾನು ಪೇಂಟ್ ವಿರೋಧಿ ಅಲ್ಲ. ಆದರೆ ನಿಮ್ಮ ಬಣ್ಣ ಏಳುತ್ತಿರುವುದು ಬಣ್ಣ ಕಳಪೆ ಅಂತಲ್ಲ. ಬಂದಾಗ ಎದ್ದಿರುವ ಒಂದು ಹಕ್ಕಳೆ ಕಿತ್ತು ಅದರ ಹಿಂಬದಿ ನೋಡಿ. ಬಣ್ಣದ ಪದರ ಗಟ್ಟಿಯಾಗಿಯೇ ಇರುತ್ತದೆ, ಪ್ಲಾಸ್ಟಿಕ್ ಹಾಳೆಯ ಹಾಗೆ ಬಾಗುತ್ತದೆ. ಹಿಂದೆ ಮಾತ್ರ ಬಿಳೀ ಪುಡಿ, ಮರಳಿನ ಕಣ ಅಂಟಿಕೊಂಡಿರುತ್ತದೆ. ಅಂದರೆ ನೀರು ಬರುತ್ತಿರುವುದು ಹಿಂದಿನಿಂದ, ಗೋಡೆಯ ಹೊಟ್ಟೆಯಿಂದ. ಒಳಗಿನಿಂದ ಎಷ್ಟು ಗಟ್ಟಿ ಪೇಂಟ್ ಹೊಡೆದರೂ ನೀರು ಅದನ್ನು ದೂಡಿಕೊಂಡೇ ಹೊರಗೆ ಬರುತ್ತದೆ. ಇನ್ನೂ ಗಟ್ಟಿ ಪೇಂಟ್ ಆದರೆ ಗಿಲಾಯಿಯನ್ನೂ ಸೇರಿಸಿ ಕೀಳುತ್ತದೆ, ಅಷ್ಟೇ ವ್ಯತ್ಯಾಸ.

ಚಿರೆಕಲ್ಲು ಅಂದರೆ ತೂತು ತೂತಿನ ಕಲ್ಲು ಅಲ್ವಾ. ಅಗೆಯುವಾಗ ಮೆತ್ತಗಿದ್ದು, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಆದರೆ ನೀರು ಕುಡಿಯುವುದನ್ನು ಬಿಡುವುದಿಲ್ಲ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಮೇಲೆ ಮಳೆ, ಬೆಂಗಳೂರಿನ ಸುಮಾರು ಮೂರು ಪಟ್ಟು. ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಇಂಥ ಗೋಡೆ ಮಳೆಗಾಲದಲ್ಲಿ ಸ್ವಲ್ಪ ತೇವ ಆಗುವುದು ಸಹಜ. ಹಿಂದಿನವರ ಲೆಕ್ಕ ಏನಿತ್ತು ಅಂದರೆ, ನೀರು ಆದಷ್ಟು ಗೋಡೆಗೆ ತಾಗಬಾರದು, ತಾಗಿದ್ದು ಮಳೆ ನಿಂತ ಮೇಲೆ ಆರಿಹೋಗಬೇಕು. ಸಿಮೆಂಟ್ ಗಿಲಾಯಿ, ಅದರ ಮೇಲೆ ಪ್ಲಾಸ್ಟಿಕ್ ಪೇಂಟ್ ಬಂದ ಮೇಲೆ ಈ ಎರಡನೇ ಅರ್ಧ ಕೆಟ್ಟಿತು. ಗಿಲಾಯಿಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ನೀರು ಒಳಗೆ ಹೋಗುತ್ತದೆ, ಹೊರಗೆ ಬರಲು ದಾರಿ ಇಲ್ಲ.

ಹಾಗಾಗಿ ಮೊದಲು ನೀರು ಎಲ್ಲಿಂದ ಬರುತ್ತಿದೆ ಅಂತ ಪತ್ತೆ ಮಾಡಬೇಕು. ಕಲೆ ಎಷ್ಟು ಎತ್ತರದಲ್ಲಿದೆ ನೋಡಿ, ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ನೆಲದಿಂದ ಮೇಲಕ್ಕೆ ಎರಡು ಮೂರು ಅಡಿ ತನಕ ಒಂದೇ ಸಮ ಪಟ್ಟಿ ಇದ್ದರೆ ಅದು ಪಂಚಾಂಗದಿಂದ, ಅಂದರೆ ಮನೆಯ ಅಡಿಪಾಯದಿಂದ ಏರಿದ ನೀರು. ಗೋಡೆಯ ತಲೆಯಲ್ಲಿ, ಮಾಡು ಕೂರುವ ಜಾಗದಲ್ಲಿ ಕಲೆ ಇದ್ದರೆ ಹಂಚು. ಕಿಟಕಿಯ ಕೆಳಗೆ ಮಾತ್ರ ಇದ್ದರೆ ಕಿಟಕಿ ಚೌಕಟ್ಟಿನ ಸಂದು. ದಕ್ಷಿಣ, ಪಶ್ಚಿಮದ ಗೋಡೆ ಪೂರ್ತಿ ತೇವ ಆಗಿದ್ದು ಉಳಿದ ಎರಡು ಒಣಗಿದ್ದರೆ ಗಾಳಿಮಳೆಯ ಎರಚಲು. ನಮ್ಮಲ್ಲಿ ಮುಂಗಾರು ಬೀಸುವುದೇ ಆ ಕಡೆಯಿಂದ.

ಇದಾವುದೂ ಅಲ್ಲ, ನೆರಳಿನ ಕೋಣೆಯಲ್ಲಿ ಬರೀ ಬೂಸ್ಟು ಅಂತಾದರೆ ಒಂದು ಸುಲಭದ ಪರೀಕ್ಷೆ ಇದೆ. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಹಿಡಿದು ನಾಲ್ಕೂ ಬದಿ ಟೇಪ್ ಹಚ್ಚಿ, ಗಾಳಿ ಆಡದ ಹಾಗೆ. ಎರಡು ದಿನ ಬಿಟ್ಟು ನೋಡಿ. ಹಾಳೆಯ ಒಳಮುಖದಲ್ಲಿ, ಗೋಡೆಯ ಕಡೆ ಹನಿ ಕಟ್ಟಿದ್ದರೆ ನೀರು ಗೋಡೆಯಿಂದ ಬರುತ್ತಿದೆ. ಕೋಣೆಯ ಕಡೆ ಮಾತ್ರ ಹನಿ ಇದ್ದರೆ ಅದು ಗಾಳಿಯ ತೇವ, ಗೋಡೆಯದು ತಪ್ಪಿಲ್ಲ. ಏಪ್ರಿಲ್‌ನಲ್ಲಿ ಇದನ್ನು ಮಾಡಿದರೆ ಏನೂ ಗೊತ್ತಾಗುವುದಿಲ್ಲ. ಜುಲೈನಲ್ಲಿ, ಪುನರ್ವಸು ಮಳೆ ಹೊಡೆಯುವಾಗ ಒಂದು ಶನಿವಾರ ಭಾನುವಾರ ಬನ್ನಿ. ಟಾರ್ಚ್ ಹಿಡಿದು ಅಟ್ಟ ಹತ್ತಿ. ಛತ್ರಿ ಹಿಡಿದು ಮನೆಗೆ ಒಂದು ಸುತ್ತು ಹಾಕಿ. ಗೌಂಡಿ ನೂರು ಮಾತು ಹೇಳಬಹುದು, ಅದಕ್ಕಿಂತ ಜಾಸ್ತಿ ಆ ಎರಡು ದಿನದಲ್ಲಿ ಗೊತ್ತಾಗುತ್ತದೆ.

ಈಗ ಏಪ್ರಿಲ್‌ನ ಕೆಲಸ. ಹಂಚು ಮೊದಲು. ನಮ್ಮ ಕಡೆ ಹಂಚು ಒಡೆಯುವುದು ಮಳೆಯಿಂದಲ್ಲ, ಮಂಗನಿಂದ. ತೆಂಗಿನಿಂದ ಮಾಡಿಗೆ, ಮಾಡಿನಿಂದ ಹಲಸಿಗೆ ಹಾರುವ ದಾರಿಯಲ್ಲಿ ಯಾವ ಹಂಚು ಸಿಗುತ್ತದೋ ಅದು ಹೋಯಿತು. ಪೂರ್ತಿ ಒಡೆದದ್ದು ಕಣ್ಣಿಗೆ ಕಾಣುತ್ತದೆ, ತೊಂದರೆ ಕೊಡುವುದು ಸರಿದು ಕೂತ ಹಂಚು ಮತ್ತು ಬಿರುಕು ಬಿಟ್ಟು ಜಾಗದಲ್ಲೇ ನಿಂತದ್ದು. ಮಧ್ಯಾಹ್ನದ ಬಿಸಿಲಿಗೆ ಅಟ್ಟದೊಳಗೆ ಲೈಟ್ ಆರಿಸಿ ನಿಂತುಕೊಳ್ಳಿ. ಬೆಳಕಿನ ಚುಕ್ಕೆ ಎಲ್ಲೆಲ್ಲಿ ಬೀಳುತ್ತದೋ ಅಲ್ಲಿ ಸೀಮೆಸುಣ್ಣದಿಂದ ರೀಪಿಗೆ ಗುರುತು ಹಾಕಿ. ಆಮೇಲೆ ಆಳು ಮೇಲೆ ಹತ್ತಲಿ. ಹಂಚಿನ ಮೇಲೆ ನೇರ ಕಾಲಿಡಬಾರದು, ಹಲಗೆ ಹಾಕಿ ಅದರ ಮೇಲೆ ನಡೆಯಬೇಕು. ಇಲ್ಲದಿದ್ದರೆ ನಾಲ್ಕು ಹಂಚು ಸರಿ ಮಾಡಲು ಹೋಗಿ ಎಂಟು ಒಡೆದು ಬರುತ್ತಾರೆ.

ಹೊಸ ಹಂಚು ತರುವ ಮುಂಚೆ ಹಳೇ ಹಂಚು ಒಂದನ್ನು ತಿರುಗಿಸಿ ಮುದ್ರೆ ನೋಡಿ. ಮಂಗಳೂರಿನಲ್ಲಿ ಬಾಸೆಲ್ ಮಿಶನ್‌ನವರು 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಕರಾವಳಿಯಲ್ಲಿ ಎಷ್ಟೋ ಕಾರ್ಖಾನೆ ಬಂದವು, ಹೋದವು. ನೋಡಲು ಎಲ್ಲಾ ಒಂದೇ ತರಹ. ಆದರೆ ಒಂದಕ್ಕೊಂದು ಕಚ್ಚುವ ಗಾಡಿ, ಉದ್ದ, ಅಗಲದಲ್ಲಿ ಚೂರು ಚೂರು ಫರಕು ಇರುತ್ತದೆ. ಒಂದಕ್ಕೊಂದು ಸರಿಯಾಗಿ ಕಚ್ಚದಿದ್ದರೆ ಗಾಳಿಮಳೆಯಲ್ಲಿ ಆ ಸಂದಿನಿಂದಲೇ ನೀರು. ಅದೇ ಮುದ್ರೆಯ ಹಂಚು ಸಿಗದಿದ್ದರೆ ಕೊಟ್ಟಿಗೆ ಮಾಡಿನದ್ದನ್ನು ತೆಗೆದು ಮನೆಗೆ ಹಾಕಿ, ಹೊಸದನ್ನು ಕೊಟ್ಟಿಗೆಗೆ ಹಾಕಿ. ಒಂದು ಚದರ ಮೀಟರಿಗೆ ಸುಮಾರು 15 ಹಂಚು ಬೇಕು. ಐವತ್ತು ಅರವತ್ತು ಜಾಸ್ತಿ ತರಿಸಿ ಗೋಡೆಗೆ ಒರಗಿಸಿಡಿ.

ನೆತ್ತಿಯ ಮೂಲೆ ಹಂಚಿನ ಗಾರೆ ಬಿರಿದಿದೆಯಾ ನೋಡಿ. ಎರಡು ಮಾಡು ಸೇರುವ ಕುಳಿಯಲ್ಲಿ ತಗಡು ಹಾಕಿರುತ್ತಾರಲ್ಲ, ಅಲ್ಲಿ ಎಲೆ ತುಂಬಿ ನೀರು ಕಟ್ಟಿಕೊಂಡು ಒಳಗೆ ಇಳಿಯುತ್ತದೆ. ಮನೆಗೆ ತಾಗಿ ಮಾವಿನ ಮರ ಇದ್ದರೆ ಇದು ಗ್ಯಾರಂಟಿ. ಮರ ಕಡಿಯಿರಿ ಅಂತ ನಾನು ಹೇಳಲ್ಲ, ಅದರಲ್ಲೂ ಕರಿ ಇಶಾಡ ಆಗಿದ್ದರೆ ಹೇಳುವವರ ಮಾತು ಕೇಳಲೂ ಬೇಡಿ. ಮಾಡಿನ ಮೇಲೆ ಬಂದ ಗೆಲ್ಲು ಸವರಿಸಿದರೆ ಸಾಕು. ಕೋಣೆಗೆ ಬೆಳಕು ಬರಲಿ ಅಂತ ಹಾಕಿದ ಗಾಜಿನ ಹಂಚಿನ ಅಂಚನ್ನೂ ಒಮ್ಮೆ ನೋಡಿಸಿ.

ಎರಡನೆಯದು ನೆಲ. ನನ್ನ ಮಟ್ಟಿಗೆ ಇದು ಹಂಚಿಗಿಂತ ದೊಡ್ಡ ವಿಷಯ, ಯಾರೂ ಗಮನ ಕೊಡುವುದಿಲ್ಲ. ಹಳೇ ಮನೆಯ ಪಂಚಾಂಗ ಎತ್ತರ ಇತ್ತು. ಆಮೇಲೆ ಪ್ರತಿ ವರ್ಷ ಅಂಗಳಕ್ಕೆ ಮಣ್ಣು ಹಾಕಿ, ಮೇಲೆ ಸಿಮೆಂಟ್ ಮಾಡಿ, ಇಂಟರ್‌ಲಾಕ್ ಹಾಸಿ ಅಂಗಳ ಏರುತ್ತಾ ಬಂತು. ಈಗ ಎಷ್ಟೋ ಮನೆಯಲ್ಲಿ ಅಂಗಳಕ್ಕೂ ಒಳಗಿನ ನೆಲಕ್ಕೂ ಒಂದು ಗೇಣು ಫರಕಿಲ್ಲ. ಮಳೆನೀರು ಗೋಡೆಯ ಬುಡದಲ್ಲಿ ನಿಂತರೆ ಚಿರೆಕಲ್ಲು ಹೀರದೆ ಏನು ಮಾಡುತ್ತದೆ? ಸೂರಿನಿಂದ ಬೀಳುವ ನೀರು ಸಿಮೆಂಟ್ ನೆಲಕ್ಕೆ ಬಡಿದು ಗೋಡೆಗೆ ಸಿಡಿಯುತ್ತದೆ, ಕೆಂಪು ಚಿಮ್ಮು ಎಷ್ಟು ಎತ್ತರಕ್ಕಿದೆ ಅಂತ ನಿಮ್ಮ ಗೋಡೆಯೇ ತೋರಿಸುತ್ತದೆ.

ಸೂರಿನ ನೀರು ಬೀಳುವ ಗೆರೆಯಲ್ಲಿ ಒಂದು ಅಡಿ ಅಗಲ ಅಗೆದು ಜಲ್ಲಿ ತುಂಬಿಸಿ, ಸಿಡಿಯುವುದು ನಿಲ್ಲುತ್ತದೆ. ಗೋಡೆಯಿಂದ ಹೊರಕ್ಕೆ ಮೀಟರಿಗೆ ಎರಡು ಸೆಂಟಿಮೀಟರಿನಷ್ಟಾದರೂ ಇಳಿಜಾರು ಇರಲಿ. ಅದರಾಚೆ ಗಟಾರ, ಗಟಾರಕ್ಕೆ ಹೊರಗೆ ಹೋಗುವ ದಾರಿ. ದಾರಿ ಇಲ್ಲದ ಗಟಾರ ಅಂದರೆ ಮನೆ ಸುತ್ತ ಕೆರೆ. ದುಡ್ಡು ಉಳಿದರೆ ಸೂರಿನ ನೀರು ಹಿಡಿಯುವ ದಂಬೆ ಕಟ್ಟಿಸಿ, ಪಿವಿಸಿಯದು ಸಾಕು. ಸಮುದ್ರದ ಹತ್ತಿರ ಕಬ್ಬಿಣದ ಕ್ಲಾಂಪ್ ಬೇಗ ತುಕ್ಕು ಹಿಡಿಯುತ್ತದೆ, ಕಾರವಾರದ ಬೀಚ್ ಕಡೆ ಮನೆ ಇದ್ದವರನ್ನು ಕೇಳಿ ನೋಡಿ.

ಗೋಡೆಗೆ ತಾಗಿಸಿ ದಾಸವಾಳ, ಅಬ್ಬಲಿಗೆ ನೆಟ್ಟು ಇಟ್ಟಿಗೆಯ ಪಾತಿ ಕಟ್ಟಿದ್ದೀರಿ ಅಂತ ನೀವು ಕಳಿಸಿದ ಫೋಟೋದಲ್ಲಿ ಕಾಣುತ್ತಿದೆ. ಚೆಂದ ಇದೆ. ಮೂರು ಅಡಿ ಆಚೆ ಸರಿಸಿ. ಪಾತಿಯ ಮಣ್ಣು ಗೋಡೆಗೆ ಒತ್ತಿಕೊಂಡು ಮಳೆಗಾಲ ಪೂರ್ತಿ ನೀರು ಕುಡಿಸುತ್ತಿದೆ, ಬೇಸಿಗೆಯಲ್ಲಿ ಆ ಕೆಲಸ ನಿಮ್ಮ ಪೈಪು ಮಾಡುತ್ತಿದೆ. ಒರಲೆ ಹುಳಕ್ಕೂ ಅದೇ ಏಣಿ.

ಎರಚಲಿಗೆ ನಮ್ಮ ಹಿರಿಯರ ಮದ್ದೇ ಇವತ್ತಿಗೂ ಒಳ್ಳೆಯದು. ಮೇ ಕೊನೆಗೆ ಗಾಳಿಮಳೆ ಹೊಡೆಯುವ ಬದಿಗೆ ಮಡಲಿನ (ತೆಂಗಿನ ಗರಿಯ) ತಟ್ಟಿ ಕಟ್ಟುವುದು. ಶಿರಸಿ ಕಡೆ ಅಡಿಕೆ ಸೋಗೆ ಕಟ್ಟುತ್ತಾರೆ, ಮಣ್ಣಿನ ಗೋಡೆ ತಲೆಮಾರುಗಟ್ಟಲೆ ನಿಂತದ್ದೇ ಹಾಗೆ. ಈಗ ಮಡಲು ಹೆಣೆಯುವವರು ಸಿಗುವುದಿಲ್ಲ ಅಂದರೆ ಹಸಿರು ಶೇಡ್‌ನೆಟ್ ಅನ್ನು ಬಿದಿರಿನ ಚೌಕಟ್ಟಿಗೆ ಎರಡು ಪದರ ಬಿಗಿದು ಕಟ್ಟಿ. ನೀಲಿ ತಾಡಪಾಲು ಗೋಡೆಗೆ ಅಂಟುವ ಹಾಗೆ ಹೊದಿಸಬೇಡಿ, ಹಿಂದೆ ಗಾಳಿ ಆಡದೆ ಪಾಚಿ ಬೆಳೆಯುತ್ತದೆ. ತಟ್ಟಿಗೂ ಗೋಡೆಗೂ ಒಂದು ಮೊಳ ಜಾಗ ಬಿಡಿ. ಖಾಯಂ ಬೇಕು ಅಂದರೆ ಆ ಬದಿಗೆ ಮಾಡು ಮೂರು ನಾಲ್ಕು ಅಡಿ ಮುಂದಕ್ಕೆ ಎಳೆಸಿ.

ಗೋಡೆಯ ಕೆಲಸವನ್ನು ಈ ವರ್ಷ ಮುಟ್ಟಬೇಡಿ. ಒಂದು ಮಳೆಗಾಲ ಕಳೆದು, ಏನು ಸುಧಾರಿಸಿದೆ ನೋಡಿ, ಡಿಸೆಂಬರ್ ನಂತರ ಕೈ ಹಾಕಿ. ಆಗಲೂ ಪೂರ್ತಿ ಗಿಲಾಯಿ ಕೆತ್ತುವುದು ಬೇಡ. ಟೊಳ್ಳು ಶಬ್ದ ಬರುವ ಕಡೆ ಕೆತ್ತಿಸಿ, ತೇವದ ಗೆರೆಗಿಂತ ಒಂದು ಅಡಿ ಮೇಲಿನ ತನಕ. ಬಿಳೀ ಪುಡಿಯನ್ನು ಒಣ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಗೋಡೆಯೊಳಗೇ ಹೋಗುತ್ತದೆ. ಈ ಉಪ್ಪು ಸಣ್ಣ ವಿಷಯ ಅಲ್ಲ. ಗಾಳಿಯ ತೇವಾಂಶ ಶೇಕಡಾ 75 ದಾಟಿದರೆ ಉಪ್ಪು ತಾನೇ ನೀರು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ನೀರೊಡೆಯುತ್ತದಲ್ಲ, ಹಾಗೆ. ಎಲ್ಲೂ ಸೋರದಿದ್ದರೂ ಗೋಡೆಯ ಒಂದೇ ಜಾಗ ಮತ್ತೆ ಮತ್ತೆ ಒದ್ದೆಯಾಗುವುದಕ್ಕೆ ಇದೇ ಕಾರಣ. ಅಳಿವೆ ಬಾಯಿಯ ಮರಳು ಅಗ್ಗಕ್ಕೆ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ.

ಕೆತ್ತಿದ ಜಾಗಕ್ಕೆ ಸಿಮೆಂಟ್ ಬದಲು ಸುಣ್ಣದ ಗಾರೆ ಹಾಕಿಸಿ. ಒಂದು ಪಾಲು ಸುಣ್ಣ, ಮೂರು ಪಾಲು ತೊಳೆದ ಮರಳು. ಅಘನಾಶಿನಿ ಅಳಿವೆಯ ಬಳಚಿನ ಚಿಪ್ಪಿನಿಂದ ಸುಣ್ಣ ಮಾಡಿದ ಊರಿನವರು ನಾವು, ಸುಣ್ಣ ಗೊತ್ತಿರುವ ವಯಸ್ಸಾದ ಗೌಂಡಿ ಹುಡುಕಿದರೆ ಸಿಗುತ್ತಾರೆ. ಸುಣ್ಣ ಗಟ್ಟಿಯಾಗುವುದು ಗಾಳಿಯಿಂದ, ನಿಧಾನ. ಅವಸರ ಮಾಡಿದರೆ ಬಿರಿಯುತ್ತದೆ. ಅದರ ಮೇಲೆ ಸುಣ್ಣದ ನೀರನ್ನೇ ತೆಳುವಾಗಿ ಮೂರು ಕೈ ಬಳಿಸಿ, ಪ್ರತಿ ಸಲ ಗೋಡೆಗೆ ನೀರು ಚಿಮುಕಿಸಿ. ಬಳಿಯುವವರ ಕಣ್ಣಿಗೆ ಕನ್ನಡಕ ಇರಲಿ, ಸುಣ್ಣ ಕಣ್ಣಿಗೆ ಬಿದ್ದರೆ ಆಟವಲ್ಲ. ಬಣ್ಣ ಬೇಕೇ ಬೇಕು ಅಂದರೆ ಅಂಗಡಿಯಲ್ಲಿ ಆವಿ ಹೊರಗೆ ಬಿಡುವ ಪೇಂಟ್ ಅಂತ ಕೇಳಿ. ಪ್ಲಾಸ್ಟಿಕ್ ಎಮಲ್ಶನ್ ಬೇಡ, ಒಳಗೆ ಎಪಾಕ್ಸಿ ಅಂತೂ ಬೇಡವೇ ಬೇಡ. ಗೋಡೆಗೆ ತೂತು ಕೊರೆದು ಔಷಧ ತುಂಬಿಸುತ್ತೇವೆ ಅಂತ ಬರುವವರಿಗೂ ಒಂದು ನಮಸ್ಕಾರ ಹೇಳಿ ಕಳಿಸಿ. ಇಟ್ಟಿಗೆ ಗೋಡೆಗೆ ಅದು ಆಗಬಹುದು, ಚಿರೆಕಲ್ಲಿನ ಪೊಟರೆಗಳಲ್ಲಿ ಔಷಧ ಎಲ್ಲಿ ಇಳಿದು ಹೋಗುತ್ತದೆ ಅಂತ ಹೇಳಲಿಕ್ಕಾಗುವುದಿಲ್ಲ.

ಇನ್ನೊಂದು ವಿಷಯ, ನೀವು ಕೇಳಿಲ್ಲ. ಅಜ್ಜ ಅಜ್ಜಿ ಇದ್ದಾಗ ಇದೇ ಮನೆ ಇಷ್ಟು ಹಾಳಾಗುತ್ತಿರಲಿಲ್ಲ ಅಲ್ವಾ? ಆಗ ದಿನಾ ಅಡುಗೆ ಒಲೆ, ಬಚ್ಚಲ ಒಲೆ ಉರಿಯುತ್ತಿತ್ತು. ಆ ಬಿಸಿ, ಆ ಹೊಗೆ ಪಕಾಸಿ, ರೀಪುಗಳನ್ನು ಒಣಗಿಸಿ ಇಡುತ್ತಿತ್ತು, ಹುಳವನ್ನೂ ದೂರ ಇಡುತ್ತಿತ್ತು. ಈಗ ಜೂನ್‌ನಲ್ಲಿ ಬೀಗ ಹಾಕಿದರೆ ಚೌತಿಗೇ ತೆಗೆಯುವುದು. ಪಕ್ಕದ ಮನೆಯವರಿಗೆ ಕೀಲಿ ಕೊಟ್ಟು, ವಾರಕ್ಕೊಮ್ಮೆ ಮಳೆ ಬಿಟ್ಟು ಹೊಳವಾದ ದಿನ ಕಿಟಕಿ ತೆಗೆದು, ಬಚ್ಚಲ ಒಲೆಗೆ ಒಂದಿಷ್ಟು ಬೆಂಕಿ ಹಾಕಲು ಹೇಳಿ. ಸುಮ್ನೆ ಹೇಳಬೇಡಿ, ಏನಾದರೂ ಕೊಡಿ. ಮಳೆ ಜಡಿಯುವಾಗ ಕಿಟಕಿ ತೆಗೆದರೆ ಲಾಭ ಇಲ್ಲ, ಹೊರಗಿನ ತೇವ ಒಳಗೆ ಬರುತ್ತದೆ. ಕಪಾಟುಗಳನ್ನು ಗೋಡೆಯಿಂದ ನಾಲ್ಕು ಬೆರಳು ಮುಂದಕ್ಕೆ ಎಳೆದಿಡಿ.

ಒದ್ದೆ ಗೋಡೆಯಲ್ಲಿ ಸ್ವಿಚ್‌ಬೋರ್ಡ್ ಇದ್ದರೆ ಮಾತ್ರ ಮುಂದಿನ ವರ್ಷಕ್ಕೆ ಕಾಯಬೇಡಿ. ಕರೆಂಟ್ ಸೋರಿದರೆ ತಾನೇ ಆರಿಸುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಸ್ವಿಚ್ ಹಾಕಿಸಿ, ಅದರ ಟೆಸ್ಟ್ ಗುಂಡಿ ಒತ್ತಿ ಕರೆಂಟ್ ಹೋಗುತ್ತದಾ ನೋಡಿ, ಅರ್ತಿಂಗ್ ಪರೀಕ್ಷೆ ಮಾಡಿಸಿ. ಮೊದಲ ದಿನವೇ ಎಲೆಕ್ಟ್ರಿಶಿಯನ್ ಕರೆಸಿ.

ಹಂಚಿನ ಆಳುಗಳಿಗೆ ಈಗಲೇ ಫೋನ್ ಮಾಡಿ ಮುಂಗಡ ಕೊಟ್ಟಿಡಿ. ಯುಗಾದಿ ಕಳೆದ ಮೇಲೆ ಎಲ್ಲರಿಗೂ ಒಟ್ಟಿಗೇ ಮಾಡು ನೆನಪಾಗುತ್ತದೆ, ಮೇ ತಿಂಗಳಲ್ಲಿ ಒಬ್ಬರೂ ಕೈಗೆ ಸಿಗುವುದಿಲ್ಲ.